ಸ್ವಂತ ಕರ್ನಲ್ ಬೂಟ್ ಆಗದಿದ್ದಾಗ: ನನ್ನ ಅನುಭವ

ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆರಂಭದಲ್ಲಿ ಡ್ರೈವರ್ ಒದಗಿಸುವ ತಾತ್ಕಾಲಿಕ ಫೈಲ್ ವ್ಯವಸ್ಥೆ) ಇಲ್ಲದೆ ಬಿಲ್ಡ್ ಮಾಡಿದ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) 'ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)' ಎಂದು, ಅಂದರೆ ಸಿಸ್ಟಂ ಇರುವ ಡಿಸ್ಕ್ ತೆರೆಯಲಾಗಲಿಲ್ಲ ಎಂದು, ನಿಂತುಬಿಡುತ್ತಿತ್ತು.

ಕರ್ನಲ್ ಅನ್ನು ಲೋಡ್ ಮಾಡುವ ಗ್ರಬ್ ಮತ್ತೆ ಹಾಕಿದರೂ ಅದೇ ಕತೆ. ಡಿಸ್ಕ್ ಸಿಗುವವರೆಗೆ ಕಾಯಲು ಹೇಳುವ 'ರೂಟ್‌ವೇಟ್' ಆಯ್ಕೆ ಕೊಟ್ಟರೆ ಕಾಯುತ್ತಲೇ ಕೂರುತ್ತಿತ್ತು. ಈಗ ಬಳಕೆಯಲ್ಲಿರುವ ಮಾಡ್ಯೂಲ್‌ಗಳನ್ನಷ್ಟೇ ಆರಿಸುವ 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಕೂಡ ಸಾಲದು: ಡಿಸ್ಕ್ ಡ್ರೈವರ್ 'ಎಂ' (ಬೇರೆ ಫೈಲಾಗಿರುವ ಮಾಡ್ಯೂಲ್) ಆಗಿಯೇ ಉಳಿಯುತ್ತದೆ, ಆ ಮಾಡ್ಯೂಲ್ ಇರುವುದು ಇನ್ನೂ ತೆರೆಯದ ಅದೇ ಡಿಸ್ಕ್‌ನಲ್ಲಿ!

ಕೆಲಸ ಮಾಡಿದ ಕ್ರಮ ಇದು. ಹಳೆಯ ಕರ್ನಲ್‌ನಲ್ಲಿ ಬೂಟ್ ಆಗಿ 'ಮೇಕ್ ಲೋಕಲ್‌ಯೆಸ್‌ಕಾನ್ಫಿಗ್' ಓಡಿಸಿ; ಅದು ಬಳಕೆಯಲ್ಲಿರುವ ಮಾಡ್ಯೂಲ್‌ಗಳನ್ನು ಕರ್ನಲ್ ಒಳಗೇ ಸೇರಿಸುತ್ತದೆ. ಬಳಿಕ ಆಯ್ಕೆಗಳ ಪಟ್ಟಿಯಾದ ಮೆನುಕಾನ್ಫಿಗ್‌ನಲ್ಲಿ '/' ಒತ್ತಿ ಎನ್‌ವಿಎಂಇ (ಡಿಸ್ಕ್ ಡ್ರೈವರ್), ಎಕ್ಸ್‌ಟಿ4 (ಫೈಲ್ ಸಿಸ್ಟಂ) ಎರಡನ್ನೂ ಹುಡುಕಿ. 'ಎಂ' ಅಲ್ಲ, 'ವೈ' (ಕರ್ನಲ್ ಒಳಗೇ ಸೇರಿದ್ದು) ಇರಬೇಕು. ಕಾನ್ಫಿಗ್ ಫೈಲನ್ನು ಕೈಯಾರೆ ತಿದ್ದಬೇಡಿ, ಅವಲಂಬನೆ ಪೂರೈಸದ ಸಾಲನ್ನು ಕಾನ್ಫಿಗ್ ಸರಿಹೊಂದಿಸುವ 'ಓಲ್ಡ್‌ಡೆಫ್‌ಕಾನ್ಫಿಗ್' ಆಜ್ಞೆ ಸದ್ದಿಲ್ಲದೆ ಕಿತ್ತುಹಾಕುತ್ತದೆ. ಆಯ್ಕೆಗಳು ಎಷ್ಟೇ ಇರಲಿ, ಇಲ್ಲೊಂದು ಎಚ್ಚರಿಕೆ ಇರಲೇಬೇಕಿತ್ತು. ಕೊನೆಗೆ ಬೂಟ್ ಸಾಲಿನಲ್ಲಿ 'ರೂಟ್=ಪಾರ್ಟ್‌ಯುಯುಐಡಿ=' ಬರೆದು 'ಬಿಎಲ್‌ಕೆಐಡಿ' ಆಜ್ಞೆ ತೋರಿಸುವ ಪಾರ್ಟ್‌ಯುಯುಐಡಿ (ಡಿಸ್ಕ್ ವಿಭಾಗದ ಗುರುತು ಸಂಖ್ಯೆ) ಹಾಕಿ. ಬರೀ ಯುಯುಐಡಿಯನ್ನು (ಫೈಲ್ ಸಿಸ್ಟಂನ ಗುರುತು ಸಂಖ್ಯೆ) ಕರ್ನಲ್ ತಾನಾಗಿ ಗುರುತಿಸುವುದಿಲ್ಲ.