ಅಂಗಳದ ಅಡಿಕೆ ಇಟ್ಟು ಮೂಲವಸ್ತುವಿನ ಗುಂಪು ಕಂಡುಹಿಡಿಯೋದು ಹೇಗೆ?

ಬದಿಯಡ್ಕ ಕಡೆಯ ನಮ್ಮ ಮನೆ ಜಗಲಿಗೆ ಸಂಜೆ ಕನ್ನಡ ಮೀಡಿಯಂ ಮಕ್ಕಳು ಏಳೆಂಟು ಜನ ಟ್ಯೂಷನ್‌ಗೆ ಬರ್ತಾರೆ, ಆವರ್ತಕ ಕೋಷ್ಟಕ ಅಂದ ಕೂಡ್ಲೇ ಬಾಯಿಪಾಠ ಶುರು. 118 ಮೂಲವಸ್ತು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ, ಪರಮಾಣು ಸಂಖ್ಯೆ ಗೊತ್ತಿದ್ರೆ ಮೊದಲ ಇಪ್ಪತ್ತರ ಗುಂಪನ್ನು, ಅಂದ್ರೆ ಕೋಷ್ಟಕದಲ್ಲಿ ಅದು ಇರುವ ಕಂಬಸಾಲನ್ನು, ನಾವೇ ಕಂಡುಹಿಡೀಬಹುದು, ಅಂಗಳದಲ್ಲಿ ಒಣಗ್ಲಿಕ್ಕೆ ಹಾಕಿದ ಅಡಿಕೆಯಿಂದ ಇಪ್ಪತ್ತು ಎತ್ಕೊಂಡ್ರೆ ಸಾಕು.

ಮೊದ್ಲು ಚಾಕ್‌ನಲ್ಲಿ ಒಂದರ ಸುತ್ತ ಒಂದು ನಾಲ್ಕು ವೃತ್ತ ಬರೀರಿ, ಇವು ಶೆಲ್‌ಗಳು, ಪರಮಾಣುವಿನಲ್ಲಿ ಎಲೆಕ್ಟ್ರಾನ್ ಕೂರುವ ಜಾಗ. ಒಂದು ಅಡಿಕೆ ಅಂದ್ರೆ ಒಂದು ಎಲೆಕ್ಟ್ರಾನ್. ಸೋಡಿಯಂನ ಪರಮಾಣು ಸಂಖ್ಯೆ 11, ಅಂದ್ರೆ ಅಷ್ಟೇ ಎಲೆಕ್ಟ್ರಾನ್, ಅಷ್ಟೇ ಅಡಿಕೆ. ಒಳಗಿನ ವೃತ್ತಕ್ಕೆ 2, ಎರಡನೇದಕ್ಕೆ 8, ಅವು ಹಿಡಿಯೋದೇ ಅಷ್ಟು, ಉಳಿದ 1 ಮೂರನೇದಕ್ಕೆ. ಹೊರಗೆ ಒಂಟಿಯಾಗಿ ಕೂತ ಆ ಅಡಿಕೆ ಉಂಟಲ್ಲ, ಅದೇ ವೇಲೆನ್ಸ್ ಎಲೆಕ್ಟ್ರಾನ್. ಒಂದಿದೆ, ಹಾಗಾಗಿ 1ನೇ ಗುಂಪು. ಅಡಿಕೆ ಬಿದ್ದ ವೃತ್ತ ಮೂರು, ಹಾಗಾಗಿ 3ನೇ ಪೀರಿಯಡ್, ಅಂದ್ರೆ ಕೋಷ್ಟಕದ ಮೂರನೇ ಅಡ್ಡಸಾಲು.

ಇನ್ನು ಪೊಟಾಷಿಯಂ, 19. ಮಕ್ಕಳು ತಪ್ಪೋದು ಇಲ್ಲೇ. 2, 8 ಆದ ಮೇಲೆ ಉಳಿದ ಒಂಬತ್ತನ್ನೂ ಮೂರನೇ ವೃತ್ತಕ್ಕೆ ಸುರೀತಾರೆ. "ಟೀಚರೇ, ಮೂರನೇದ್ರಲ್ಲಿ 18 ಹಿಡೀತದೆ ಅಂತ ಪಾಠದಲ್ಲುಂಟಲ್ಲ?" ಅಂತ ಒಬ್ಬಳು ಕೇಳಿದ್ಲು. ಒಳ್ಳೇ ಪ್ರಶ್ನೆ. ಹಿಡಿಯೋದು ಹೌದು, ಆದ್ರೆ ತೀರಾ ಹೊರಗಿನ ಶೆಲ್ ಆಗಿರುವಾಗ ಎಂಟಕ್ಕಿಂತ ಹೆಚ್ಚು ಇರುವ ಹಾಗಿಲ್ಲ, ಒಂಬತ್ತನೇದಕ್ಕೆ ಮುಂದಿನ ಶೆಲ್‌ನಲ್ಲಿ ಕೂರ್ಲಿಕ್ಕೆ ಶಕ್ತಿ ಕಡಿಮೆ ಸಾಕು, ಅದು ಅಲ್ಲಿಗೆ ಹೋಗ್ತದೆ. 2, 8, 8, 1. ಅವಳೇ ಒಂದು ಅಡಿಕೆ ಎತ್ತಿ ಹೊರಗಿಟ್ಟು, ಪಕ್ಕದ ಸೋಡಿಯಂ ನೋಡಿ "ಓ, ಇದ್ರದ್ದೂ ಒಂದೇ" ಅಂದ್ಲು, ನಂಗೆ ಎಷ್ಟು ಖುಷಿಯಾಯ್ತು! ಅದಕ್ಕೇ ಎರಡೂ ನೀರಿಗೆ ಬಿದ್ರೆ ಸುಮ್ಮನಿರೋದಿಲ್ಲ, ಹೊರಗಿನ ಆ ಒಂದನ್ನು ಬೇಗ ಕೊಟ್ಟುಬಿಡ್ತವೆ. ತೋಟಕ್ಕೆ ಹಾಕುವ ಪೊಟಾಷ್ ಗೊಬ್ಬರದಲ್ಲಿ ಪೊಟಾಷಿಯಂ ಅದನ್ನು ಕ್ಲೋರಿನ್‌ಗೆ ಕೊಟ್ಟಾಗಿದೆ. 1869ರಲ್ಲಿ ಮೆಂಡೆಲೀವ್ ಕೋಷ್ಟಕ ಮಾಡುವಾಗ ಎಲೆಕ್ಟ್ರಾನ್ ಇದೆ ಅಂತಲೇ ಗೊತ್ತಿರ್ಲಿಲ್ಲ, ಗುಣ ನೋಡಿಯೇ ಇವೆರಡನ್ನು ಒಟ್ಟಿಗಿಟ್ಟ.

ಕ್ಲೋರಿನ್ 17, ಅಂದ್ರೆ 2, 8, 7. ಗುಂಪು 7 ಅಲ್ಲ, 17. ಹೊರಗೆ ಮೂರೋ ಅದಕ್ಕಿಂತ ಹೆಚ್ಚೋ ಇದ್ರೆ 10 ಕೂಡಿಸ್ಬೇಕು, ಯಾಕಂದ್ರೆ ನಡುವೆ 3ರಿಂದ 12ರ ತನಕ ಹತ್ತು ಗುಂಪು ಬೇರೆ ಉಂಟು. ಹೀಲಿಯಂ ಒಂದನ್ನು ನೆನಪಿಡಿ, ಎರಡೇ ಅಡಿಕೆ, ಆದ್ರೆ ಅದರ ಶೆಲ್ ಅಷ್ಟಕ್ಕೇ ಭರ್ತಿ, ಹಾಗಾಗಿ 18ನೇ ಗುಂಪು.

ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡ್ತೇವಲ್ಲ, ಆ ಬೋರ್ಡೋ ದ್ರಾವಣದಲ್ಲಿ ಸುಣ್ಣವೂ ಮೈಲುತುತ್ತೂ ಇರ್ತದೆ. ಸುಣ್ಣದ ಕ್ಯಾಲ್ಸಿಯಂ 20, ಅಂದ್ರೆ 2, 8, 8, 2. ಗುಂಪು 2, ಲೆಕ್ಕ ಸರಿಯಾಯ್ತು. ಮೈಲುತುತ್ತಿನ ತಾಮ್ರ 29, ಇನ್ನೂ ಒಂಬತ್ತು ಅಡಿಕೆ ತನ್ನಿ. 2, 8, 18, 1. ಆ ಹುಡುಗಿ ಕೇಳಿದ ಹದಿನೆಂಟು ಮೂರನೇ ವೃತ್ತದಲ್ಲಿ ತುಂಬಿರೋದನ್ನು ಇಲ್ಲಿ ಕಾಣ್ಬಹುದು. ಹೊರಗೆ ಒಂದೇ ಇದ್ರೂ ಗುಂಪು 11, ನಡುವಿನ ಆ ಹತ್ತು ಗುಂಪಿಗೆ ನಮ್ಮ ಲೆಕ್ಕ ನಡೆಯೋದಿಲ್ಲ, ಅಲ್ಲಿ ಒಳಗಿನ ಶೆಲ್‌ನ ಎಲೆಕ್ಟ್ರಾನ್ ಕೂಡ ಕೆಲಸಕ್ಕೆ ಬರ್ತದೆ. ಮೈಲುತುತ್ತಲ್ಲಿ ತಾಮ್ರ ಎರಡು ಕೊಟ್ಟಿದೆ, ಹೊರಗಿನ ಒಂದು, ಒಳಗಿನ ಹದಿನೆಂಟರಿಂದ ಒಂದು, ಆ ನೀಲಿ ಬಣ್ಣ ಬರೋದೂ ಅಲ್ಲಿಂದಲೇ.