ಕಾಲೇಜು ಹಬ್ಬ ನಡೆಸಿದವರು ಕಲಿಕಾ ವರದಿಯನ್ನು ಬರೆಯುವ ಬಗೆ

ಅಂತರ ಕಾಲೇಜು ಸ್ಪರ್ಧೆಯಂಥ ಒಂದು ದಿನದ ಕಾರ್ಯಕ್ರಮವನ್ನು ವಿದ್ಯಾರ್ಥಿಗಳೇ ಯೋಜಿಸಿ, ನಡೆಸಿ, ಅದರಿಂದ ಕಲಿತದ್ದನ್ನು ವರದಿಯಾಗಿ ಒಪ್ಪಿಸುವ ಪದ್ಧತಿ ನಮ್ಮ ಪದವಿ ಕಾಲೇಜುಗಳ ಬಿ.ಕಾಂ., ಬಿ.ಬಿ.ಎ. ತರಗತಿಗಳಲ್ಲಿ ಹಲವು ಕಡೆ ಇದೆ. ಇಂಥ ವರದಿಗಳನ್ನು ವರ್ಷಗಳಿಂದ ಓದುತ್ತಿರುವ ನನಗೆ ಹೆಚ್ಚಿನವುಗಳಲ್ಲಿ ಕಾಣಸಿಗುವುದು ಪ್ರಾರ್ಥನೆಯಿಂದ ಆರಂಭವಾಗಿ, ದೀಪ ಬೆಳಗಿಸಿದವರ ಹೆಸರು, ಅಧ್ಯಕ್ಷರ ಮಾತು, ಬಹುಮಾನ ವಿತರಣೆಗಳನ್ನು ದಾಟಿ ವಂದನಾರ್ಪಣೆಯಲ್ಲಿ ಮುಗಿಯುವ ಪತ್ರಿಕಾ ಸುದ್ದಿ. ಅಷ್ಟನ್ನು ಬರೆಯಲು ಕಾರ್ಯಕ್ರಮವನ್ನು ನಡೆಸಬೇಕಾಗಿಲ್ಲ. ಸಭಾಂಗಣದಲ್ಲಿ ಕುಳಿತು ನೋಡಿದವರೂ ಬರೆಯಬಲ್ಲರು. ನಡೆಸಿದವರು ಮಾತ್ರ ಬರೆಯಬಲ್ಲದ್ದು ಬೇರೆ ಇದೆ: ಏನಾಗುತ್ತದೆಂದು ನೀವು ಎಣಿಸಿದ್ದಿರಿ, ನಿಜವಾಗಿ ಏನಾಯಿತು, ನಿಮ್ಮ ಎಣಿಕೆ ಎಲ್ಲಿ ಮತ್ತು ಏಕೆ ತಪ್ಪಿತು ಎಂಬುದು.

ಹಾಗಾಗಿ ವರದಿಯ ಕೆಲಸ ಮೊದಲ ಸಭೆಯ ದಿನವೇ ಶುರುವಾಗಬೇಕು. 100 ಪುಟದ ಒಂದು ನೋಟ್‌ಬುಕ್ ಸಾಕು. ಒಂದು ತೀರ್ಮಾನವಾದಾಗಲೆಲ್ಲ ದಿನಾಂಕ, ಅದನ್ನು ಸೂಚಿಸಿದವರು ಯಾರು, ಕೈಬಿಟ್ಟ ಇನ್ನೊಂದು ದಾರಿ ಯಾವುದು ಎಂಬುದನ್ನು ಬರೆದು, ಕೊನೆಯಲ್ಲಿ ನಿಮ್ಮ ಅಂದಾಜನ್ನು ಒಂದು ಸಾಲಿನಲ್ಲಿ ದಾಖಲಿಸಿರಿ. ಈ ಕೊನೆಯ ಸಾಲನ್ನು ಯಾರೂ ಬರೆಯುವುದಿಲ್ಲ, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಏಕೆಂದರೆ ಕಾರ್ಯಕ್ರಮ ಮುಗಿದ ಮೇಲೆ ನಮ್ಮ ನೆನಪು ನಡೆದದ್ದಕ್ಕೆ ತಕ್ಕಂತೆ ಹೊಂದಿಕೊಂಡುಬಿಡುತ್ತದೆ, ‘ಹೀಗೇ ಆಗುತ್ತದೆಂದು ಮೊದಲೇ ಗೊತ್ತಿತ್ತು’ ಎಂದು ಪ್ರಾಮಾಣಿಕವಾಗಿಯೇ ನಂಬಿಬಿಡುತ್ತೇವೆ.

ಕೊಟೇಶನ್‌ಗಳು, ಮುಂಗಡದ ರಸೀದಿಗಳು, ಓಚರ್‌ಗಳು, ತಂಡದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆದ ಚರ್ಚೆ ಇವೆಲ್ಲ ನಿಮ್ಮ ಸಾಕ್ಷ್ಯಗಳು, ಒಂದನ್ನೂ ಎಸೆಯಬೇಡಿ. ಅನುಮತಿಗಳ ಕಥೆಯನ್ನೂ ಬಿಡಬೇಡಿ. ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕೆಂಬುದೂ, ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಅದನ್ನು ಹಾಕುವಂತಿಲ್ಲವೆಂಬುದೂ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿವೆ. ಫ್ಲೆಕ್ಸ್ ಬ್ಯಾನರ್‌ಗಳನ್ನು ಕರ್ನಾಟಕ ಸರ್ಕಾರ 2016ರಲ್ಲಿಯೇ ನಿಷೇಧಿಸಿದೆ. ಇವನ್ನು ಓದಿ ತಿಳಿಯಬಹುದು. ಆದರೆ ಅನುಮತಿಯ ಅರ್ಜಿಗೆ ಪ್ರಾಂಶುಪಾಲರ ಸಹಿ ಮತ್ತು ಮೊಹರು ಬೇಕು, ಅವರು ಆ ವಾರ ಊರಿನಲ್ಲಿರುವುದಿಲ್ಲ, ಬಟ್ಟೆಯ ಬ್ಯಾನರ್ ಬರೆಯುವವರು ಎರಡು ದಿನ ಹೆಚ್ಚು ಕೇಳುತ್ತಾರೆ ಎಂಬುದು ಕೆಲಸಕ್ಕೆ ಇಳಿದವರಿಗಷ್ಟೇ ತಿಳಿಯುತ್ತದೆ. ವರದಿಗೆ ಬೇಕಾದದ್ದು ಈ ಎರಡನೆಯ ಬಗೆಯ ತಿಳಿವಳಿಕೆ.

ಕಾರ್ಯಕ್ರಮದ ದಿನ ಜೇಬಿನಲ್ಲೊಂದು ಸಣ್ಣ ಪುಸ್ತಕವಿರಲಿ. ಗಂಟೆ, ಜಾಗ, ನಡೆದದ್ದು, ನೀವು ಮಾಡಿದ್ದು ಇಷ್ಟನ್ನು ತುಂಡು ಮಾತುಗಳಲ್ಲಿ ಗೀಚಿಕೊಂಡರೂ ಸಾಕು. ಎಷ್ಟೇ ದಣಿದಿದ್ದರೂ ಅಂದು ರಾತ್ರಿ ಅರ್ಧ ಗಂಟೆ ಕುಳಿತು ಅವನ್ನು ಬಿಡಿಸಿ ಬರೆಯಿರಿ. ಕೆಲಸದ ನಡುವೆಯೇ ಯೋಚಿಸಿ ದಾರಿ ಬದಲಿಸುವುದು ಒಂದು, ಕೆಲಸ ಮುಗಿದ ಮೇಲೆ ಮೆಲುಕು ಹಾಕುವುದು ಇನ್ನೊಂದು ಎಂದು ಅಮೆರಿಕದ ಚಿಂತಕ ಡೊನಾಲ್ಡ್ ಶೋನ್ 1983ರಲ್ಲಿ ವಿಂಗಡಿಸಿ ತೋರಿಸಿದರು. ಮೊದಲನೆಯದರ ಗುರುತು ಉಳಿಯುವುದು ಈ ಗೀಚುಗಳಲ್ಲಿ ಮಾತ್ರ.

ಬರೆಯಲು ಕುಳಿತಾಗ ಒಂದು ಚೌಕಟ್ಟು ನೆರವಾಗುತ್ತದೆ. ಬ್ರಿಟನ್ನಿನ ಶಿಕ್ಷಣ ತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತಗಳು, ಅಂದರೆ ವಿವರಣೆ, ಭಾವನೆ, ಮೌಲ್ಯಮಾಪನ, ವಿಶ್ಲೇಷಣೆ, ತೀರ್ಮಾನ, ಮುಂದಿನ ಯೋಜನೆ, ಮೊದಲ ಸಲ ಬರೆಯುವವರಿಗೆ ಅನುಕೂಲ. ಆದರೆ ಆರಕ್ಕೂ ಒಂದೊಂದು ಪುಟವೆಂದು ಹಂಚಿಕೊಂಡು ಬರೆಯಬೇಡಿ. ವಿವರಣೆ ಐದಾರು ಸಾಲಿನಲ್ಲಿ ಮುಗಿಯಲಿ, ವಿಶ್ಲೇಷಣೆ ವರದಿಯ ಅರ್ಧದಷ್ಟಿರಲಿ. ಇಡೀ ಕಾರ್ಯಕ್ರಮವನ್ನೇ ಈ ಹಂತಗಳಿಗೆ ಒಡ್ಡುವುದಕ್ಕಿಂತ ಎರಡು ಅಥವಾ ಮೂರು ಗಳಿಗೆಗಳನ್ನು ಆರಿಸಿಕೊಂಡು ಆಳಕ್ಕೆ ಇಳಿಯುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಗಳಿಗೆಯನ್ನು ಹತ್ತಿರದಿಂದ ನೋಡೋಣ. ಮಧ್ಯಾಹ್ನದ ಊಟ ಸಾಲದೆ ಹೋಯಿತು. ಸಾಮಾನ್ಯವಾಗಿ ವರದಿಯಲ್ಲಿ ಇದು ಬರುವುದು ಹೀಗೆ: ‘ಊಟದ ವ್ಯವಸ್ಥೆಯಲ್ಲಿ ಸ್ವಲ್ಪ ತೊಂದರೆಯಾಯಿತು. ಆದರೂ ಎಲ್ಲರ ಸಹಕಾರದಿಂದ ಅದನ್ನು ನಿಭಾಯಿಸಲಾಯಿತು. ಇದರಿಂದ ಒಗ್ಗಟ್ಟಿನ ಮಹತ್ವ ತಿಳಿಯಿತು.’ ಈ ಮೂರು ಸಾಲುಗಳನ್ನು ಯಾವ ವರ್ಷದ ಯಾವ ಕಾರ್ಯಕ್ರಮದ ವರದಿಗಾದರೂ ಅಂಟಿಸಬಹುದು. ಅದನ್ನೇ ಹೀಗೆ ಬರೆಯಬಹುದಿತ್ತು: ‘30 ತಂಡಗಳಿಂದ 240 ವಿದ್ಯಾರ್ಥಿಗಳು ಹೆಸರು ಕೊಟ್ಟಿದ್ದರು. 20 ಊಟ ಹೆಚ್ಚಿಗೆ ಇರಲೆಂದು ನಾನು 260 ಮಂದಿಗೆ ಅಡುಗೆ ಹೇಳಿದೆ. ತಂಡಗಳ ಜೊತೆ ಬರುವ 30 ಅಧ್ಯಾಪಕರನ್ನೂ, 12 ವಾಹನಗಳ ಚಾಲಕರನ್ನೂ, ನಮ್ಮದೇ 45 ಸ್ವಯಂಸೇವಕರನ್ನೂ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಾಲಿನಲ್ಲಿ ಇನ್ನೂ 22 ಅತಿಥಿಗಳಿರುವಾಗ 1 ಗಂಟೆ 20 ನಿಮಿಷಕ್ಕೆ ಅನ್ನ ಮುಗಿಯಿತು. ಅವರಿಗೆ ಹೋಟೆಲಿನಿಂದ ಚಿತ್ರಾನ್ನ ತರಿಸಿದೆ. ಸ್ವಯಂಸೇವಕರು ಉಂಡಾಗ ಮೂರೂವರೆಯಾಗಿತ್ತು. ಸ್ಪರ್ಧಿಗಳ ಪಟ್ಟಿಯನ್ನೇ ಊಟದ ಪಟ್ಟಿಯೆಂದು ತಿಳಿದದ್ದು ನನ್ನ ತಪ್ಪು.’ ಕೊನೆಯ ಸಾಲಿನಲ್ಲಿ ವಿಶ್ಲೇಷಣೆ ತೆರೆದುಕೊಳ್ಳುತ್ತದೆ. ಆ ತಪ್ಪು ತಿಳಿವಳಿಕೆ ಎಲ್ಲಿಂದ ಬಂತು? ನೋಂದಣಿ ನಮೂನೆಯಲ್ಲಿ ಸ್ಪರ್ಧಿಗಳ ಹೆಸರಿಗೆ ಮಾತ್ರ ಜಾಗವಿದ್ದದ್ದರಿಂದ. ನಮೂನೆಯನ್ನು ರೂಪಿಸಿದವರಿಗೂ ಊಟದ ಹೊಣೆ ಹೊತ್ತವರಿಗೂ ನಡುವೆ ಮಾತುಕತೆಯೇ ಇರಲಿಲ್ಲ ಎಂಬುದು ಆಗ ಹೊರಬೀಳುತ್ತದೆ.

ನಮ್ಮ ಬರವಣಿಗೆಯ ಒಂದು ಅಭ್ಯಾಸವನ್ನು ಇಲ್ಲಿ ಗಮನಿಸಬೇಕು. ‘ನಿರ್ಧರಿಸಲಾಯಿತು’, ‘ನಿಭಾಯಿಸಲಾಯಿತು’, ‘ಏರ್ಪಡಿಸಲಾಗಿತ್ತು’ ಎಂಬ ಕಚೇರಿ ಕನ್ನಡದಲ್ಲಿ ಕೆಲಸ ಮಾಡಿದವರೇ ಮರೆಯಾಗುತ್ತಾರೆ. ‘ನಾವು’ ಎಂಬ ಮಾತಿನಲ್ಲಿ ವಿನಯವಿದ್ದರೂ ಅದು ಹೊಣೆಯನ್ನು ಹಂಚಿ ತೆಳುವಾಗಿಸುತ್ತದೆ. ತೀರ್ಮಾನ ನಿಮ್ಮದಾಗಿದ್ದರೆ ‘ನಾನು’ ಎಂದೇ ಬರೆಯಿರಿ. ತಂಡದ್ದಾಗಿದ್ದರೆ ಆ ಸಭೆಯಲ್ಲಿ ನೀವು ಏನು ಹೇಳಿದಿರಿ, ಅಥವಾ ಏಕೆ ಸುಮ್ಮನಿದ್ದಿರಿ ಎಂಬುದನ್ನು ಬರೆಯಿರಿ. ಜಗಳ ನಡೆದಿದ್ದರೆ ಅದೂ ಬರಲಿ, ಆದರೆ ಹೆಸರುಗಳು ಬೇಡ. ‘ವೇದಿಕೆಯ ಹೊಣೆ ಹೊತ್ತಿದ್ದ ಸಹಪಾಠಿ’ ಎಂದರೆ ಸಾಕು.

ಇದನ್ನು ಇಷ್ಟು ಒತ್ತಿ ಹೇಳಲು ನನ್ನದೇ ಒಂದು ಕಾರಣವಿದೆ. ವಿದ್ಯಾರ್ಥಿಯಾಗಿದ್ದಾಗ ನಮ್ಮ ಕಾರ್ಯಕ್ರಮದ ಲೆಕ್ಕಪತ್ರ ನನ್ನ ಕೈಯಲ್ಲಿತ್ತು. ಶಾಮಿಯಾನದವರಿಗೆ ರಸೀದಿ ಪಡೆಯದೆ 500 ರೂಪಾಯಿ ಮುಂಗಡ ಕೊಟ್ಟೆ, ಕೊನೆಗೆ ಬಿಲ್ಲಿನಲ್ಲಿ ಆ ಮುಂಗಡ ಕಳೆದಿರಲಿಲ್ಲ, ಯಾರಿಗೂ ಹೇಳದೆ ಕೈಯಿಂದ ತುಂಬಿದೆ. ವರದಿಯಲ್ಲಿ ‘ಲೆಕ್ಕಪತ್ರಗಳನ್ನು ಕ್ರಮಬದ್ಧವಾಗಿ ನಿರ್ವಹಿಸಲಾಯಿತು’ ಎಂದು ಬರೆದೆ. ಎರಡು ವರ್ಷದ ನಂತರ ಮೊದಲ ನೌಕರಿಯಲ್ಲಿ ಅದೇ ತಪ್ಪನ್ನು ಮತ್ತೆ ಮಾಡಿದೆ. ಅಂದು ಒಂದು ಪುಟ ನಿಜವನ್ನು ಬರೆದಿದ್ದರೆ ಹಣ ಕೈಬಿಡುವ ಮೊದಲು ರಸೀದಿ ಕೇಳಲು ನನಗೆ ಏಕೆ ಸಂಕೋಚವಾಗುತ್ತದೆ ಎಂಬುದಾದರೂ ತಿಳಿಯುತ್ತಿತ್ತು.

ಮುಂದಿನ ಯೋಜನೆಯ ಭಾಗದಲ್ಲಿ ‘ಇನ್ನು ಮುಂದೆ ಉತ್ತಮವಾಗಿ ಯೋಜಿಸುತ್ತೇನೆ’ ಎಂಬ ಮಾತಿಗೆ ಬೆಲೆಯಿಲ್ಲ. ‘ನೋಂದಣಿ ನಮೂನೆಯಲ್ಲಿ ಜೊತೆಗೆ ಬರುವವರ ಸಂಖ್ಯೆಗೆ ಒಂದು ಅಂಕಣ ಸೇರಿಸುತ್ತೇನೆ, ಮೂರು ದಿನ ಮೊದಲು ಪ್ರತಿ ಕಾಲೇಜಿಗೂ ಫೋನ್ ಮಾಡಿ ಖಚಿತಪಡಿಸಿಕೊಳ್ಳುತ್ತೇನೆ’ ಎಂದು ಬರೆದರೆ ಮುಂದೆ ಅದನ್ನು ಮಾಡಿದಿರೋ ಇಲ್ಲವೋ ಎಂದು ಯಾರಾದರೂ ಪರೀಕ್ಷಿಸಬಹುದು. ಕೆಲಸದ ಸಂದರ್ಶನದಲ್ಲಿ ಕಷ್ಟದ ಸಂದರ್ಭವೊಂದನ್ನು ಹೇಳಿ ಎಂದಾಗಲೂ ನಿಮ್ಮ ನೆರವಿಗೆ ಬರುವುದು ಇಂಥ ಸಾಲುಗಳೇ.

ಒಪ್ಪಿಸುವ ಮೊದಲು ಕರಡನ್ನು ಹಿಡಿದುಕೊಂಡು ತಂಡದ ಹೊರಗಿನವರನ್ನು ಮಾತಾಡಿಸಿ ಬನ್ನಿ: ಬೆಳಿಗ್ಗೆ ಬೀಗ ತೆಗೆದ ಅಟೆಂಡರ್, ಮೈಕ್ ಸೆಟ್ಟಿನವರು, ಮೊದಲ ವರ್ಷದ ಸ್ವಯಂಸೇವಕರು, ಅಡುಗೆಯವರು. ಮೇಲೆ ಹೇಳಿದ ಊಟದ ವಿಷಯದಲ್ಲಿ ಅದರ ಹೊಣೆ ಹೊತ್ತಿದ್ದ ವಿದ್ಯಾರ್ಥಿನಿ ಅಡುಗೆ ಭಟ್ಟರ ಬಳಿ ಹೋಗಿ ಕೇಳಿದಾಗ ಅವರು, ‘ಅಡ್ವಾನ್ಸ್ ಕೊಡೋಕೆ ಬಂದ ದಿನವೇ ಕೇಳಿದ್ದೆನಲ್ಲಮ್ಮ, ಜೊತೇಲಿ ಬರೋರು ಎಷ್ಟು ಜನ ಅಂತ’ ಎಂದರು. ಅವಳು ತನ್ನ ನೋಟ್‌ಬುಕ್ಕಿನ ಆ ದಿನದ ಪುಟವನ್ನು ತೆರೆದು ನೋಡಿದಳು. ಮುಂಗಡದ ಮೊತ್ತವಿತ್ತು, ಆ ಪ್ರಶ್ನೆ ಇರಲಿಲ್ಲ. ಮುಂದಿನ ವರ್ಷದ ತಂಡಕ್ಕೆ ನೋಟ್‌ಬುಕ್ಕನ್ನು ಒಪ್ಪಿಸುವಾಗ ಮೊದಲ ಪುಟದಲ್ಲಿ ಅದನ್ನು ತನ್ನ ಕೈಯಾರೆ ಬರೆದುಕೊಟ್ಟಳು.