ವಾರಕ್ಕೊಂದೇ ದಿನದ ಗುಳಿಗೆ: ಆಮವಾತಕ್ಕೆ ಆಸ್ಪತ್ರೆ ಮದ್ದು ಮಾಡಿಸುವುದು ಹೇಗೆ?

ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ. ಚೊಂಬು ಹಿಡಿದರೆ ಜಾರುತ್ತದೆ. ಅಡಕೆ ಸುಲಿಯಲು ಕೂತರೆ ಮೆಟ್ಟುಗತ್ತಿಯ ಮುಂದೆ ಕೈ ಓಡುವುದಿಲ್ಲ. ತಾಸು ಕಳೆದು ಬಿಸಿನೀರು ಮುಟ್ಟಿದ ಮೇಲೆ ಸ್ವಲ್ಪ ಸಡಿಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಶಿರಸಿ ಕಡೆ ಇರಲಿ, ಕರಾವಳಿ ಇರಲಿ, ಇದಕ್ಕೆ ಸಿಗುವ ಮೊದಲ ಉತ್ತರ ಒಂದೇ: ‘ವಾಯು ಆಗಿದೆ, ಮಳೆಗಾಲ ಅಲ್ವಾ?’

ಮಳೆಯಿಂದ ಈ ರೋಗ ಬರುವುದಿಲ್ಲ. ಥಂಡಿಗೆ ನೋವು ಜಾಸ್ತಿ ಅನ್ನಿಸಬಹುದು, ಅಷ್ಟೇ. ರೋಗದಿಂದ ನಮ್ಮನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ತಪ್ಪಿ ನಮ್ಮ ಕೀಲುಗಳ ಒಳಪೊರೆಯ ಮೇಲೆ ಬೀಳುವುದು ಇಲ್ಲಿಯ ಮೂಲ. ಇದನ್ನು ಡಾಕ್ಟರುಗಳು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುತ್ತಾರೆ, ನಾವು ಆಮವಾತ ಎನ್ನುತ್ತೇವೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಒಳ್ಳೆಯ ಮದ್ದಿದೆ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಆ ಮದ್ದು ಹಾದಿ ತಪ್ಪುವುದನ್ನು ನೆಂಟರಲ್ಲಿ, ನೆರೆಹೊರೆಯಲ್ಲಿ ಬಹಳ ನೋಡಿದ್ದೇನೆ. ಅದಕ್ಕೇ ಈ ಬರಹ.

ಹಂತ 1: ಯಾವ ನೋವು ಎಂದು ಗಮನಿಸಿ

ವಯಸ್ಸಾದವರ ಮಂಡಿ ಸವೆತ ನಡೆದಷ್ಟೂ ಹೆಚ್ಚುತ್ತದೆ, ಕೂತರೆ ಇಳಿಯುತ್ತದೆ. ಆಮವಾತ ತಿರುಗಾ ಮುರುಗಾ. ಕೂತಷ್ಟೂ ಬಿಗಿ, ಕೈಕಾಲು ಆಡಿಸಿದರೆ ಸಡಿಲ. ಮಣಿಕಟ್ಟು, ಬೆರಳಿನ ಬುಡದ ಗೆಣ್ಣು, ನಡುಗೆಣ್ಣು, ಪಾದದ ಸಣ್ಣ ಕೀಲುಗಳು ಬಾತುಕೊಳ್ಳುತ್ತವೆ. ಹೆಚ್ಚಾಗಿ ಎರಡೂ ಕೈಯಲ್ಲಿ. ಬೆಳಗಿನ ಬಿಗಿತ ಅರ್ಧ ತಾಸು ಮೀರಿ ನಿಂತರೆ, ಬಾವು ಆರು ವಾರವಾದರೂ ಇಳಿಯದಿದ್ದರೆ ಇನ್ನು ಕಾಯಬೇಡಿ. ಮೊದಲ ಕೆಲವು ತಿಂಗಳಲ್ಲಿ ಮದ್ದು ಶುರುವಾದರೆ ಕೀಲು ಉಳಿಯುತ್ತದೆ. ಒಮ್ಮೆ ಸವೆದು ಸೊಟ್ಟಗಾದ ಬೆರಳನ್ನು ಯಾವ ಗುಳಿಗೆಯೂ ನೆಟ್ಟಗೆ ಮಾಡುವುದಿಲ್ಲ.

ಬೆಳಿಗ್ಗೆ ಬಾತ ಕೈಯ ಫೋಟೊ ತೆಗೆದಿಡಿ. ಬಸ್ಸಿಳಿದು ಡಾಕ್ಟರ ಮುಂದೆ ಕೂರುವ ಹೊತ್ತಿಗೆ ಬಾವು ಅರ್ಧ ಇಳಿದಿರುತ್ತದೆ.

ಹಂತ 2: ಸರಿಯಾದ ಬಾಗಿಲಿಗೆ ಹೋಗಿ

ಇದು ಮೂಳೆ ಮುರಿದ ಕೇಸಲ್ಲ. ತೋರಿಸಬೇಕಾದ್ದು ರುಮಟಾಲಜಿಸ್ಟರಿಗೆ, ಅಂದರೆ ಇಂಥ ಕೀಲುರೋಗಗಳ ತಜ್ಞ ಡಾಕ್ಟರಿಗೆ. ಮೊದಲು ಕಾರವಾರದ ಕ್ರಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಅಥವಾ ನಿಮ್ಮ ತಾಲೂಕು ಆಸ್ಪತ್ರೆಯ ಫಿಜಿಶಿಯನ್‌ಗೆ ತೋರಿಸಿ, ಅಲ್ಲಿಂದ ಚೀಟಿ ಬರೆಸಿಕೊಳ್ಳಿ. ಭಟ್ಕಳ, ಹೊನ್ನಾವರ, ಕುಮಟಾದವರಿಗೆ ಮಣಿಪಾಲ ಹತ್ತಿರ. ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ. ಕಾರವಾರದ ಹಲವರು ಗೋವೆಯ ಬಾಂಬೋಳಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೂ ಹೋಗುತ್ತಾರೆ. ನಮ್ಮ ಜಿಲ್ಲೆಗೂ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ವರ್ಷಗಳಿಂದ ಕೂಗುತ್ತಿರುವುದು ಇಂಥ ಓಡಾಟಕ್ಕೇ. ಹಾಗಾಗಿ ನನ್ನ ಸಲಹೆ: ಗುರುತು ಹಿಡಿಸಲು ಮತ್ತು ಮದ್ದು ಗೊತ್ತುಮಾಡಲು ದೊಡ್ಡಾಸ್ಪತ್ರೆ, ನಡುವಿನ ರಕ್ತಪರೀಕ್ಷೆಗೆ ಊರಿನ ಲ್ಯಾಬು. ಇದಕ್ಕೆ ಹೆಚ್ಚಿನ ಡಾಕ್ಟರುಗಳು ಒಪ್ಪುತ್ತಾರೆ, ನೀವು ಕೇಳಬೇಕಷ್ಟೇ.

ಹಂತ 3: ಪರೀಕ್ಷೆ

ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ, ಕೈ-ಪಾದದ ಎಕ್ಸ್‌ರೇ. ಇವು ಮುಖ್ಯ. ಮೊದಲೆರಡು ಮೈಯೊಳಗಿನ ಉರಿಯೂತ ತೋರಿಸುವ, ಮುಂದಿನೆರಡು ಈ ರೋಗದ ಗುರುತು ಹುಡುಕುವ ರಕ್ತಪರೀಕ್ಷೆಗಳು. ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದರೂ ರೋಗ ಇರಬಹುದು. ಪಾಸಿಟಿವ್ ಬಂದವರೆಲ್ಲ ರೋಗಿಗಳೂ ಅಲ್ಲ. ಚಿಕುನ್‌ಗುನ್ಯಾ ಬಂದು ಹೋದ ಮೇಲೂ ತಿಂಗಳುಗಟ್ಟಲೆ ಇದೇ ಥರ ಕೀಲು ಬಾಯುತ್ತದೆ, ಹಿಂದೆ ಬಂದ ಜ್ವರದ ವಿಷಯ ಮರೆಯದೆ ಹೇಳಿ. ಅಂಗಡಿಯ ಪ್ಯಾಕೇಜ್ ಪರೀಕ್ಷೆಯಲ್ಲಿ ಯೂರಿಕ್ ಆಸಿಡ್ ಸ್ವಲ್ಪ ಜಾಸ್ತಿ ಬಂತೆಂದು ಗೌಟ್ (ಯೂರಿಕ್ ಆಸಿಡ್ ಹೆಚ್ಚಾಗಿ ಬರುವ ಕೀಲುಬಾವು) ಗುಳಿಗೆ ನುಂಗುತ್ತಾ ಕೂರಬೇಡಿ.

ಕೀಲುನೋವಿನ ಜೊತೆ ಬೇರೆ ಏನಿದ್ದರೂ ಹೇಳಿ. ಮುಖದ ಮೇಲೆ ಕೆಂಪು, ಕೂದಲು ಉದುರುವುದು, ನೊರೆ ಮೂತ್ರ ಇದ್ದರೆ ಲೂಪಸ್‌ಗೆ ಹುಡುಕುತ್ತಾರೆ. ಒಣಗಿದ ಕಣ್ಣು-ಬಾಯಿ ಇದ್ದರೆ ಶೋಗ್ರೆನ್. ಚಳಿಯಲ್ಲಿ ಬೆರಳು ಬಿಳಿಚಿ ನೀಲಿಯಾದರೆ, ಚರ್ಮ ಬಿಗಿದರೆ ಸ್ಕ್ಲೀರೋಡರ್ಮ. ಎಲ್ಲವೂ ಒಂದೇ ಬಳಗದ ರೋಗಗಳು, ಮದ್ದು ಮಾತ್ರ ಬೇರೆ ಬೇರೆ.

ಹಂತ 4: ಮೆಥೊಟ್ರೆಕ್ಸೇಟ್, ಎಲ್ಲ ಕೆಡುವುದು ಇಲ್ಲೇ

ಆಮವಾತಕ್ಕೆ ಸಾಮಾನ್ಯವಾಗಿ ಮೊದಲು ಬರೆಯುವ ಮದ್ದು ಇದು. 1988ರಲ್ಲಿ ಅಮೆರಿಕ ಇದನ್ನು ಈ ರೋಗಕ್ಕೆ ಒಪ್ಪಿತು. ಇವತ್ತಿಗೂ ಚಿಕಿತ್ಸೆಯ ಕಂಬ ಇದೇ, ಬೆಲೆಯೂ ಕಡಿಮೆ. ಪೊಟ್ಟಣದ ಚೀಟಿ ಓದಿ ‘ಕ್ಯಾನ್ಸರ್ ಗುಳಿಗೆ ಕೊಟ್ಟಿದ್ದಾರೆ’ ಎಂದು ಎಸೆದವರಿದ್ದಾರೆ. ಕ್ಯಾನ್ಸರಿಗೆ ಕೊಡುವ ಪ್ರಮಾಣ ಎಷ್ಟೋ ಪಟ್ಟು ದೊಡ್ಡದು. ಇಲ್ಲಿ ವಾರಕ್ಕೆ 7.5ರಿಂದ 15 ಮಿಲಿಗ್ರಾಂನಲ್ಲಿ ಶುರುಮಾಡಿ, ಬೇಕಾದರೆ 25ರವರೆಗೆ ಏರಿಸುತ್ತಾರೆ.

ವಾರಕ್ಕೆ. ದಿನಕ್ಕಲ್ಲ. ಇದನ್ನು ಮನೆಯ ಎಲ್ಲರೂ ಎರಡು ಸಲ ಓದಿ.

ಬಿಪಿ, ಶುಗರ್ ಗುಳಿಗೆಯ ರೂಢಿ ಇದ್ದವರಿಗೆ ಗುಳಿಗೆ ಎಂದರೆ ದಿನಾ ನುಂಗುವುದು. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ವಾರಕ್ಕೊಮ್ಮೆ ಎಂದು ಬರೆದಿರುತ್ತದೆ, ಔಷಧಿ ಅಂಗಡಿಯ ಹುಡುಗ ಅವಸರದಲ್ಲಿ ಗುಳಿಗೆ ಪಟ್ಟಿಯ (ಸ್ಟ್ರಿಪ್) ಮೇಲೆ 1-0-0, ಅಂದರೆ ದಿನಾ ಬೆಳಿಗ್ಗೆ ಒಂದು, ಎಂದು ಗೀಚಿರುತ್ತಾನೆ. ಮುಗಿಯಿತು. ಕೆಲವು ದಿನ ಬಿಡದೆ ನುಂಗಿದರೆ ಬಾಯಿಯೆಲ್ಲ ಹುಣ್ಣಾಗುತ್ತದೆ, ರಕ್ತದ ಬಿಳಿಕಣ ಕುಸಿಯುತ್ತದೆ, ಸೋಂಕು ತಗುಲಿ ಜೀವವೇ ಹೋಗಬಹುದು. ಹೀಗೆ ಸತ್ತವರಿದ್ದಾರೆ, ಇದು ಹೆದರಿಸುವ ಮಾತಲ್ಲ. ದಿನಾ ನುಂಗಿದ್ದು ಗೊತ್ತಾದ ಕೂಡಲೇ, ಏನೂ ಆಗಿಲ್ಲ ಅನ್ನಿಸಿದರೂ, ಗುಳಿಗೆ ಪಟ್ಟಿ ಹಿಡಿದು ಆಸ್ಪತ್ರೆಗೆ ಓಡಿ. ಲ್ಯೂಕೋವೊರಿನ್ ಎಂಬ ಮಾರುಮದ್ದಿದೆ. ಬೇಗ ಕೊಟ್ಟಷ್ಟೂ ಒಳ್ಳೆಯದು.

ಈಗ ಮಾಡಬೇಕಾದ್ದು. ನಿಮ್ಮೂರ ಸಂತೆ ದಿನವನ್ನೇ ಗುಳಿಗೆ ದಿನ ಮಾಡಿಕೊಳ್ಳಿ. ಸಂತೆಯನ್ನು ನಮ್ಮಲ್ಲಿ ಯಾರೂ ಮರೆಯುವುದಿಲ್ಲ, ವಾರಕ್ಕೆ ಎರಡು ಸಲ ಬರುವುದೂ ಇಲ್ಲ. ಪಟ್ಟಿಯ ಮೇಲೆ ಆ ದಿನದ ಹೆಸರನ್ನು ಕನ್ನಡದಲ್ಲಿ, ದಪ್ಪ ಪೆನ್ನಿನಲ್ಲಿ ಬರೆಯಿರಿ. ದಿನದ ಗುಳಿಗೆಗಳ ಡಬ್ಬಿಯಲ್ಲಿ ಇದನ್ನು ಇಡಲೇಬೇಡಿ. ಬೇರೆ ಡಬ್ಬಿ, ಬೇರೆ ಜಾಗ. ನುಂಗಿದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಜ್ಜಿಗೆ ಮರೆವಿದ್ದರೆ ಪಟ್ಟಿ ಸೊಸೆಯ ಹತ್ತಿರವೋ ಮೊಮ್ಮಗನ ಹತ್ತಿರವೋ ಇರಲಿ.

ಇನ್ನೊಂದು ಗುಂಡಿ ಲೆಕ್ಕದ್ದು. ಇದು 2.5, 5, 7.5, 10, 15 ಮಿಲಿಗ್ರಾಂಗಳಲ್ಲಿ ಸಿಗುತ್ತದೆ. ಕಳೆದ ಸಲ 2.5ರ ನಾಲ್ಕು ಗುಳಿಗೆ ನುಂಗಿ 10 ಮಿಲಿಗ್ರಾಂ ಮಾಡಿಕೊಂಡವರು, ಈ ಸಲ ಅಂಗಡಿಯವರು 10ರ ಪಟ್ಟಿ ಕೊಟ್ಟಾಗ ಅದರಲ್ಲೂ ನಾಲ್ಕು ನುಂಗಿದರೆ 40 ಆಯಿತು! ‘ನಾಲ್ಕು ಗುಳಿಗೆ’ ಎಂದು ನೆನಪಿಡಬೇಡಿ, ‘ಹತ್ತು ಮಿಲಿಗ್ರಾಂ’ ಎಂದು ನೆನಪಿಡಿ. ಪ್ರತಿ ಸಲ ಒಂದೇ ಅಳತೆಯ ಪಟ್ಟಿ ಕೇಳಿ ತನ್ನಿ. ಬೇರೆ ಅಳತೆ ಕೊಟ್ಟರೆ ವಾಪಸ್ ಕೊಡಿ, ಸಂಕೋಚ ಬೇಡ.

ಜೊತೆಗೆ ಫೋಲಿಕ್ ಆಸಿಡ್ ಕೊಡುತ್ತಾರೆ, ಬಾಯಿಹುಣ್ಣು, ವಾಕರಿಕೆ ತಡೆಯಲು. ಹೆಚ್ಚಾಗಿ ಮೆಥೊಟ್ರೆಕ್ಸೇಟ್ ನುಂಗಿದ ಮರುದಿನ ನುಂಗಲು ಹೇಳುತ್ತಾರೆ. ಕೆಲವು ಕಂಪನಿಗಳಲ್ಲಿ ಎರಡೂ ಸಣ್ಣ ಹಳದಿ ಗುಳಿಗೆಗಳೇ. ಪಟ್ಟಿಯಿಂದ ಬಿಡಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿಟ್ಟರೆ ಯಾವುದು ಯಾವುದೆಂದು ದೇವರಿಗೇ ಗೊತ್ತು. ನುಂಗುವಾಗ ಮಾತ್ರ ಬಿಡಿಸಿ.

ಒಂದು ವಾರ ಮರೆತರೆ? ಎರಡು ದಿನದೊಳಗೆ ನೆನಪಾದರೆ ನುಂಗಿ. ಅದಕ್ಕಿಂತ ತಡವಾದರೆ ಬಿಟ್ಟುಬಿಡಿ, ಮುಂದಿನ ಸಂತೆಗೆ ನೋಡೋಣ. ಎರಡು ವಾರದ್ದು ಒಟ್ಟಿಗೆ ಎಂದೂ ಬೇಡ. ವಾಕರಿಕೆ ಬರುವವರು ರಾತ್ರಿ ಊಟದ ಮೇಲೆ ನುಂಗಿ. ತಡೆಯಲಾಗದಿದ್ದರೆ ಚರ್ಮದಡಿ ಚುಚ್ಚುವ ಇಂಜೆಕ್ಷನ್ ಇದೆ, ಕೇಳಿ. ವಾಕರಿಕೆಗೆ ಹೆದರಿ ಸುಮ್ನೆ ಬಿಟ್ಟುಬಿಡುವುದು ಬೇಡ.

ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ನಾಲ್ಕನೇ ವಾರಕ್ಕೆ ‘ಏನೂ ಉಪಯೋಗ ಇಲ್ಲ’ ಎಂದು ಬಿಡುವವರೇ ಜಾಸ್ತಿ.

ಬಾಯಿಹುಣ್ಣಿನ ಬಗ್ಗೆ ಕವಳ (ಎಲೆ-ಅಡಕೆ) ಹಾಕುವವರಿಗೆ ವಿಶೇಷವಾಗಿ ಹೇಳಬೇಕು. ಬಾಯಿ ಉರಿದರೆ ‘ಸುಣ್ಣ ಹೆಚ್ಚಾಯ್ತು’ ಎಂದು ತಳ್ಳಿಹಾಕುವುದು ನಮ್ಮಲ್ಲಿ ರೂಢಿ. ಈ ಗುಳಿಗೆ ಶುರುವಾದ ಮೇಲೆ ಬಾಯಲ್ಲಿ ಹುಣ್ಣು ಎದ್ದರೆ ಸುಣ್ಣದ ಮೇಲೆ ಹಾಕದೆ ರಕ್ತಪರೀಕ್ಷೆ ಮಾಡಿಸಿ. ಜ್ವರ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ, ಒಣಕೆಮ್ಮಿನ ಜೊತೆ ಏದುಸಿರು ಕಂಡರೂ ಮುಂದಿನ ಗುಳಿಗೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಮೂತ್ರದ ಉರಿಗೆಂದು ಅಂಗಡಿಯಲ್ಲಿ ಸೆಪ್ಟ್ರಾನ್ ಎಂಬ ಆ್ಯಂಟಿಬಯೋಟಿಕ್ ಕೇಳಿ ತರಬೇಡಿ. ಇದರ ಜೊತೆ ಅದು ಸೇರಿದರೆ ರಕ್ತಕಣಗಳು ಅಪಾಯಕ್ಕೆ ಇಳಿಯುತ್ತವೆ. ಮದ್ಯ ಬಿಡಿ, ಎರಡೂ ಲಿವರಿನ ಮೇಲೇ ಬೀಳುತ್ತವೆ. ಬೀಡಿ, ಸಿಗರೇಟು ಬಿಡಿ, ಅವು ರೋಗವನ್ನೂ ಏರಿಸುತ್ತವೆ, ಮದ್ದಿನ ಬಲವನ್ನೂ ಕುಂದಿಸುತ್ತವೆ.

ಮಗು ಬೇಕೆನ್ನುವ ಹೆಣ್ಣುಮಕ್ಕಳು ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳಬೇಕು, ಅತ್ತೆ ಪಕ್ಕದಲ್ಲಿದ್ದರೂ. ಈ ಮದ್ದು ಹೊಟ್ಟೆಯ ಕೂಸಿಗೆ ಕೆಡುಕು. ಗರ್ಭಕ್ಕೆ ಕಡಿಮೆಯೆಂದರೂ ಮೂರು ತಿಂಗಳು ಮೊದಲೇ ನಿಲ್ಲಿಸುತ್ತಾರೆ. ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಸಲಜಿನ್ ಇದೇ ರೋಗಕ್ಕೆ ಬಸುರಿನಲ್ಲೂ ಕೊಡಬಹುದಾದ ಮದ್ದುಗಳು.

ಹಂತ 5: ಸ್ಟೀರಾಯ್ಡ್, ಕಡಿಮೆ ದಿನಕ್ಕೆ

ಮೆಥೊಟ್ರೆಕ್ಸೇಟ್ ಕೆಲಸ ಹಿಡಿಯುವವರೆಗೆ ಡಾಕ್ಟರು ಸಣ್ಣ ಪ್ರಮಾಣದಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಡುವುದುಂಟು. ನೋವು ಎರಡೇ ದಿನದಲ್ಲಿ ಇಳಿಯುತ್ತದೆ. ಅದೇ ತೊಂದರೆ. ರೋಗಿಗೆ ಇದೇ ನಿಜವಾದ ಮದ್ದು ಅನ್ನಿಸಿ, ಇದನ್ನೊಂದೇ ತರಿಸಿ ವರ್ಷಗಟ್ಟಲೆ ನುಂಗುತ್ತಾರೆ. ಮೂಳೆ ಟೊಳ್ಳಾಗುತ್ತದೆ, ಶುಗರ್ ಏರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಬಹಳ ದಿನ ನುಂಗಿದವರು ತಟ್ಟನೆ ನಿಲ್ಲಿಸಿದರೂ ಅಪಾಯ, ಡಾಕ್ಟರು ಹೇಳಿದಂತೆ ಇಳಿಸುತ್ತಾ ಬನ್ನಿ.

ಹೆಸರಿಲ್ಲದ ಪುಡಿ, ಲೇಬಲ್ ಇಲ್ಲದ ಕಪ್ಪು ಗುಳಿಗೆ, ‘ಹದಿನೈದು ದಿನದಲ್ಲಿ ವಾತ ಮಾಯ’ ಎಂಬ ಡಬ್ಬಿ, ಇವನ್ನು ಮನೆಯೊಳಗೆ ತರಬೇಡಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಲ್ಯಾಬು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಮುಖ ಊದಿ ದುಂಡಗಾಗಿ ‘ಮೈ ಹಿಡಿಯಿತು’ ಎಂದು ಖುಷಿಪಟ್ಟವರನ್ನು ನೋಡಿ ಸಂಕಟವಾಗಿದೆ. ಓದಿ ಕಲಿತ ಆಯುರ್ವೇದ ವೈದ್ಯರ ಮದ್ದು ನಡೆಯುತ್ತಿದ್ದರೆ ಮುಚ್ಚಿಡದೆ ಎರಡೂ ಕಡೆ ಹೇಳಿ.

ಹಂತ 6: ರಕ್ತಪರೀಕ್ಷೆ ತಪ್ಪಿಸಬೇಡಿ

ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ: ರಕ್ತಕಣ, ಲಿವರ್, ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ). ವರದಿಗಳನ್ನು ತಾರೀಕಿನ ಪ್ರಕಾರ ಒಂದೇ ಫೈಲಿನಲ್ಲಿಡಿ. ಹೈಡ್ರಾಕ್ಸಿಕ್ಲೋರೋಕ್ವಿನ್ ನುಂಗುವವರು ಕಣ್ಣೂ ತೋರಿಸಬೇಕು.

ಹಂತ 7: ಸಾಲದಿದ್ದರೆ ಮುಂದಿನ ಮದ್ದು

ಡಾಕ್ಟರು ಪ್ರತಿ ಸಲ ಕೀಲು ಒತ್ತಿ ಎಣಿಸುತ್ತಾರೆ. ರೂಢಿಯ ಲೆಕ್ಕದಲ್ಲಿ 28 ಕೀಲು. ಮೂರು ತಿಂಗಳಲ್ಲಿ ಇಳಿಮುಖ ಕಾಣದಿದ್ದರೆ, ಆರು ತಿಂಗಳಲ್ಲಿ ರೋಗ ಹತೋಟಿಗೆ ಬರುವ ಗುರಿ ಮುಟ್ಟದಿದ್ದರೆ ಮದ್ದು ಬದಲಿಸಬೇಕು ಎಂಬುದು ಈಗಿನ ಪದ್ಧತಿ. ಲೆಫ್ಲುನೊಮೈಡ್, ಸಲ್ಫಸಲಜಿನ್ ಸೇರಿಸಬಹುದು. ಅದಕ್ಕೂ ಜಗ್ಗದಿದ್ದರೆ ಬಯಾಲಜಿಕ್ ಇಂಜೆಕ್ಷನ್ (ಜೀವಕೋಶಗಳಲ್ಲಿ ತಯಾರಿಸುವ ಪ್ರೋಟೀನ್ ಮದ್ದು), ಟೊಫಾಸಿಟಿನಿಬ್ ಗುಳಿಗೆ. ಇವುಗಳ ಮೊದಲು ಟಿಬಿ ಪರೀಕ್ಷೆ ಆಗಲೇಬೇಕು. ಮೈಯೊಳಗೆ ಮಲಗಿರುವ ಟಿಬಿಯನ್ನು ಇವು ಎಬ್ಬಿಸುತ್ತವೆ. ಖರ್ಚು ಕೇಳಿಕೊಂಡೇ ಹೊರಡಿ. ಆಯುಷ್ಮಾನ್ ಕಾರ್ಡ್ ಮುಖ್ಯವಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ತಿಂಗಳ ಗುಳಿಗೆಯನ್ನು ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ.

ನೋವು ಹೋಯಿತೆಂದು ನೀವೇ ನಿಲ್ಲಿಸಬೇಡಿ. ಹೋದದ್ದು ಮದ್ದಿನಿಂದ. ಕಡಿಮೆ ಮಾಡುವ ಕಾಲ ಬಂದರೆ ಡಾಕ್ಟರೇ ಮೆಲ್ಲಗೆ ಇಳಿಸುತ್ತಾರೆ.

ನಮ್ಮ ಜಿಲ್ಲೆಯವರಿಗೆ ಕೊನೆಯದೊಂದು ಮಾತು. ಇವೆಲ್ಲ ರಕ್ಷಣಾ ಶಕ್ತಿಯನ್ನು ತಗ್ಗಿಸುವ ಮದ್ದುಗಳು. ಬೇಸಿಗೆಯಲ್ಲಿ ದರಕು (ಒಣಗಿದ ಎಲೆ) ತರಲು ಬೆಟ್ಟಕ್ಕೆ ಹೋಗುವವರಿಗೆ ಮಂಗನ ಕಾಯಿಲೆಯ ಉಣುಗು, ಮಳೆಗಾಲದಲ್ಲಿ ಗದ್ದೆಗೆ ಇಳಿಯುವವರಿಗೆ ಇಲಿಜ್ವರ ಇದ್ದೇ ಇದೆ. ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ. ಅದೇ ದಿನ ಹತ್ತಿರದ ಆಸ್ಪತ್ರೆಗೆ ಹೋಗಿ, ‘ಮೆಥೊಟ್ರೆಕ್ಸೇಟ್ ನಡೆಯುತ್ತಿದೆ’ ಎಂದು ಮೊದಲ ಮಾತಿಗೇ ಹೇಳಿ, ಫೈಲು ಕೈಯಲ್ಲಿರಲಿ.